ತೊಗರಿ ಕಟ್ಟಿಗೆಯಿಂದ ಸಕ್ಕರೆ ಬರುತ್ತಿಲ್ಲವೇ? ಕಿಣ್ವವನ್ನು ದೂರುವ ಮೊದಲು ನೋಡಬೇಕಾದದ್ದು

ತೊಗರಿ ರಾಶಿ ಮುಗಿಯುತ್ತಿದ್ದಂತೆ ಕಲಬುರಗಿಯ ನಮ್ಮ ಪ್ರಯೋಗಾಲಯದ ಬಾಗಿಲಿಗೆ ಹೊರೆಗಳು ಬಂದು ಬೀಳುತ್ತವೆ. ಎಂ.ಎಸ್ಸಿ. ಮಕ್ಕಳು ಊರಿಂದ ಬರುವಾಗ ಆಳಂದದ ತೊಗರಿ ಕಟ್ಟಿಗೆ, ಶಹಾಪುರ ಕಡೆಯ ಹತ್ತಿ ಕಟ್ಟಿಗೆ, ಭಾಲ್ಕಿಯ ಕಬ್ಬಿನ ಸಿಪ್ಪೆ ಹೀಗೆ ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಂಡು ಬರುತ್ತಾರೆ. ಜೋಳದ ಕಣಕಿ ಮಾತ್ರ ಹೋಲಿಕೆಗೆ ಒಂದು ಹಿಡಿ ಸಾಕು ಎನ್ನುತ್ತೇನೆ, ಏಕೆಂದರೆ ಅದು ದನದ ಬಾಯಿಗೆ ಹೋಗಬೇಕಾದದ್ದು. ತೊಗರಿ ಕಟ್ಟಿಗೆ ಹಾಗಲ್ಲ. ಒಲೆಗೆ ಹೋಗುವಷ್ಟು ಹೋಗಿ, ಉಳಿದದ್ದು ಹೊಲದ ಬದುವಿನಲ್ಲಿ ಬೆಂಕಿ ಪಾಲಾಗುತ್ತದೆ. ಅದನ್ನು ಕ್ಷಾರ ಇಲ್ಲವೇ ಆಮ್ಲದಲ್ಲಿ ಬೇಯಿಸಿ, ನಾರಿನ ಸೆಲ್ಯುಲೋಸನ್ನು ಸೆಲ್ಯುಲೇಸ್ ಎಂಬ ಕಿಣ್ವದಿಂದ (ಎಂಜೈಮ್) ಒಡೆದು ಗ್ಲೂಕೋಸ್ ತೆಗೆಯುವುದನ್ನು ನಮ್ಮ ಮಕ್ಕಳು ಕೈಯಾರೆ ಮಾಡಿ ಕಲಿಯಬೇಕೆಂಬುದು ನನ್ನ ಆಸೆ. ಹರಿಯಾಣದ ಪಾಣಿಪತ್‌ನಲ್ಲಿ 2022ರಿಂದ ಭತ್ತದ ಹುಲ್ಲಿನಿಂದ ದಿನಕ್ಕೆ 100 ಕಿಲೋಲೀಟರ್ ಎಥನಾಲ್ ತೆಗೆಯುವ ಸಾಮರ್ಥ್ಯದ ಸ್ಥಾವರವೇ ಎದ್ದಿದೆ. ಅದರ ಒಳಗಿನ ಮುಖ್ಯ ಮೆಟ್ಟಿಲು ನಮ್ಮ ಫ್ಲಾಸ್ಕಿನೊಳಗೆ ನಡೆಯುವುದೇ.

ಆದರೆ ಮೂರನೆಯ ವಾರಕ್ಕೆ ಯಾರಾದರೊಬ್ಬರು ಬಂದು ನಿಲ್ಲುತ್ತಾರೆ: "ಸರ್, ಎಂಜೈಮ್ ಸತ್ತದರಿ, ಬ್ಯಾರೆ ತರಿಸ್ರಿ." ನಾನು ಕಂಡ ಮಟ್ಟಿಗೆ ಕಿಣ್ವ ನಿಜವಾಗಿ ಸತ್ತಿರುವುದು ಕಡಿಮೆ. ನಮ್ಮ ಕಡೆ ತಪ್ಪು ಹೆಚ್ಚಾಗಿ ಮೂರು ದಾರಿಯಿಂದ ಬರುತ್ತದೆ: ಎರೆ ಮಣ್ಣು, ಬೋರಿನ ನೀರು, ಮಾಳಿಗೆಯ ಬಿಸಿಲು. ಹೊಸ ಬಾಟಲಿಗೆ ದುಡ್ಡು ಸುರಿಯುವ ಮೊದಲು ಇವನ್ನು ನೋಡಿಬಿಡೋಣ. ಮಕ್ಕಳು ಬಂದು ಹೇಳುವ ಮಾತುಗಳನ್ನೇ ತಲೆಬರಹ ಮಾಡಿದ್ದೇನೆ. ನಿಮ್ಮ ಫ್ಲಾಸ್ಕ್‌ಗೆ ಯಾವುದು ಹೊಂದುತ್ತದೋ ಅಲ್ಲಿಂದ ಓದಬಹುದು.

"ಏನೂ ಆಗಿಲ್ರಿ ಸರ್, ಹಾಕಿದಂಗೇ ಅದ"

ಇಪ್ಪತ್ನಾಲ್ಕು ಗಂಟೆ ಕಳೆದಿದೆ. ತಳದಲ್ಲಿ ಪುಡಿ ಹಾಕಿದಷ್ಟೇ ಕೂತಿದೆ, ಸಕ್ಕರೆ ಇದ್ದರೆ ಕೆಂಪಾಗುವ ಡಿಎನ್‌ಎಸ್ ದ್ರಾವಣ ಹಾಕಿ ಕುದಿಸಿದರೂ ಪ್ರನಾಳ ಹಳದಿಯಾಗಿಯೇ ಉಳಿದಿದೆ. ಹೆಚ್ಚು ಮಂದಿ ಸಿಕ್ಕಿಬೀಳುವುದು ಇಲ್ಲಿಯೇ, ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

ಮೊದಲು ಕಿಣ್ವವನ್ನು ಕಟ್ಟಿಗೆಯಿಂದ ಬೇರೆ ಮಾಡಿ ಪರೀಕ್ಷಿಸಿ. ವಾಟ್‌ಮನ್ ನಂ. 1 ಸೋಸು ಕಾಗದದಿಂದ 1 ಸೆಂ.ಮೀ. ಅಗಲ, 6 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ. ಅದರ ತೂಕ ಸುಮಾರು 50 ಮಿ.ಗ್ರಾಂ. ಸುರುಳಿ ಸುತ್ತಿ ಪ್ರನಾಳಕ್ಕೆ ಇಳಿಸಿ, ಪಿಎಚ್ ಅನ್ನು 4.8ರಲ್ಲೇ ಹಿಡಿದಿಡುವ ಸಿಟ್ರೇಟ್ ಬಫರ್ 1 ಮಿ.ಲೀ., ತೆಳುಗೊಳಿಸಿದ ಕಿಣ್ವ ಅರ್ಧ ಮಿ.ಲೀ. ಹಾಕಿ 50 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸರಿಯಾಗಿ ಒಂದು ಗಂಟೆ ಇಡಿ. ಪಕ್ಕದಲ್ಲಿ ಎರಡು ಬ್ಲ್ಯಾಂಕ್ ಇರಲಿ: ಒಂದರಲ್ಲಿ ಕಾಗದ ಮಾತ್ರ, ಇನ್ನೊಂದರಲ್ಲಿ ಕಿಣ್ವ ಮಾತ್ರ. ಆಮೇಲೆ 3 ಮಿ.ಲೀ. ಡಿಎನ್‌ಎಸ್ ಹಾಕಿ ಐದು ನಿಮಿಷ ಕುದಿಸಿ. ಕಾಗದವೂ ಕಿಣ್ವವೂ ಇರುವ ಪ್ರನಾಳ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಬ್ಲ್ಯಾಂಕ್‌ಗಳು ಹಳದಿಯಾಗಿ ಉಳಿದರೆ ಕಿಣ್ವ ಬದುಕಿದೆ. ಅದರ ಸುದ್ದಿ ಅಲ್ಲಿಗೆ ಬಿಡಿ.

ಇದೇ ಪರೀಕ್ಷೆಯಿಂದ ಶಕ್ತಿಯೂ ಗೊತ್ತಾಗುತ್ತದೆ. 1987ರಲ್ಲಿ ಘೋಷ್ ಅವರು ಒಪ್ಪಿತ ವಿಧಾನವಾಗಿ ಬರೆದಿಟ್ಟ ಲೆಕ್ಕ ಇದು: ಒಂದು ಗಂಟೆಯಲ್ಲಿ ಕಾಗದದಿಂದ ಸರಿಯಾಗಿ 2 ಮಿ.ಗ್ರಾಂ. ಗ್ಲೂಕೋಸ್ ಬಿಡಿಸುವ ತೆಳುವನ್ನು ಹುಡುಕಿ, 0.37 ಅನ್ನು ಅದರಿಂದ ಭಾಗಿಸಬೇಕು. ನೂರಕ್ಕೆ ಒಂದರಷ್ಟು ತೆಳು ಮಾಡಿದಾಗ 2 ಮಿ.ಗ್ರಾಂ. ಬಂದರೆ 0.37 ಭಾಗಿಸು 0.01, ಅಂದರೆ ಮಿ.ಲೀ.ಗೆ 37 ಫಿಲ್ಟರ್ ಪೇಪರ್ ಯೂನಿಟ್. ಬಾಟಲಿ ತೆರೆದ ದಿನವೇ ಇದನ್ನು ಮಾಡಿ, ಸಂಖ್ಯೆಯನ್ನು ಬಾಟಲಿಯ ಮೇಲೆ ಬರೆದಿಡಿ. ಆರು ತಿಂಗಳ ಮೇಲೆ ಅನುಮಾನ ಬಂದಾಗ ಹೋಲಿಸಲು ಬೇರೆ ದಾರಿ ಇರುವುದಿಲ್ಲ.

ಕಾಗದವೂ ಕರಗದಿದ್ದರೆ ಬಾಟಲಿಯ ಲೇಬಲ್ ಓದಿ. ಬಟ್ಟೆ ನುಣುಪು ಮಾಡಲು ಮಾರುವ ಸೆಲ್ಯುಲೇಸ್ ಕೆಲವೊಮ್ಮೆ ಕಡಿಮೆ ಬೆಲೆಗೆ ಸಿಗುತ್ತದೆ. ಅದರ ಶಕ್ತಿಯನ್ನು ಸಿಎಂಸಿ ಯೂನಿಟ್‌ನಲ್ಲಿ ಬರೆದಿರುತ್ತಾರೆ, ಸಂಖ್ಯೆ ಸಾವಿರಗಟ್ಟಲೆ ಇರಬಹುದು. ಸಿಎಂಸಿ ನೀರಿನಲ್ಲಿ ಕರಗುವ, ಸುಲಭವಾಗಿ ಕತ್ತರಿಸಬಹುದಾದ ಸೆಲ್ಯುಲೋಸ್. ಅದರ ಲೋಳೆ ಇಳಿಸುವ ಕಿಣ್ವ ಗಟ್ಟಿ ನಾರನ್ನು ತುದಿಯಿಂದ ಬಿಚ್ಚುತ್ತದೆ ಎನ್ನುವಂತಿಲ್ಲ. ಲೇಬಲ್ ಸರಿ ಇದ್ದರೆ ಶೇಖರಣೆ ವಿಚಾರಿಸಿ. ದ್ರವರೂಪದ ಕಿಣ್ವ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಫ್ರೀಜರ್‌ನಲ್ಲಿ ಗಡ್ಡೆ ಕಟ್ಟಿಸಿ ಮತ್ತೆ ಕರಗಿಸುವುದೂ ಅದಕ್ಕೆ ಒಳ್ಳೆಯದಲ್ಲ. ಮೇ ತಿಂಗಳಲ್ಲಿ ಒಮ್ಮೆ ನಮ್ಮ ಪೆಟ್ಟಿಗೆ ಎರಡು ದಿನ ಎಲ್ಲೋ ಗೋದಾಮಿನಲ್ಲಿ ಕೂತು ಬಂತು. ತೆರೆದಾಗ ಐಸ್ ಚೀಲಗಳು ಬಿಸಿಯಾಗಿದ್ದವು. ಆ ಬಾಟಲಿ ಕಾಗದದ ಪರೀಕ್ಷೆಯಲ್ಲಿ ನಿಜಕ್ಕೂ ಸೋತಿತು. ಅಂದಿನಿಂದ ಏಪ್ರಿಲ್, ಮೇನಲ್ಲಿ ಕಿಣ್ವ ತರಿಸುವುದನ್ನೇ ಬಿಟ್ಟಿದ್ದೇವೆ.

ಕಾಗದ ಕರಗಿತು, ಕಟ್ಟಿಗೆ ಕರಗಲಿಲ್ಲ ಅಂದರೆ ದೋಷ ಫ್ಲಾಸ್ಕಿನೊಳಗಿದೆ. ಈಗ ಪಿಎಚ್ ನೋಡಿ. ಬಫರ್ ಬಾಟಲಿಯದಲ್ಲ, ಫ್ಲಾಸ್ಕಿನದು. ಅದೂ ಪುಡಿ ಹಾಕಿ 50 ಡಿಗ್ರಿಯಲ್ಲಿ ಒಂದು ಗಂಟೆ ನೆಂದ ಮೇಲೆ. ಮೀಟರನ್ನು 4 ಮತ್ತು 7ರ ಬಫರ್‌ಗಳಲ್ಲಿ ಅಂದೇ ಸರಿಪಡಿಸಿಕೊಂಡಿರಬೇಕು. 4.8ರಿಂದ 5 ಇದ್ದರೆ ಸರಿ. 6 ದಾಟಿದ್ದರೆ ಕಾರಣ ಸಿಕ್ಕಂತೆಯೇ.

ಏಕೆ ದಾಟುತ್ತದೆ? ಒಂದು, ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದ ನಾರು. ಹೊರಗಿನ ನೀರು ಲಿಟ್ಮಸ್‌ಗೆ ಸರಿ ಎನಿಸಿದರೂ ನಾರಿನ ಒಳಗೆ ಕ್ಷಾರ ಅಡಗಿರುತ್ತದೆ, ನೆನೆದಂತೆ ನಿಧಾನವಾಗಿ ಹೊರಗೆ ಬರುತ್ತದೆ. ಕೊನೆಯ ತೊಳೆತವನ್ನು ಬಫರ್‌ನಲ್ಲೇ ಮಾಡಿ ರಾತ್ರಿಯಿಡೀ ನೆನೆಯಿಟ್ಟು, ಬೆಳಿಗ್ಗೆ ಬಸಿದು, ಮತ್ತೆ ಅಳೆಯಿರಿ.

ಇನ್ನೊಂದು ನಮ್ಮ ನೆಲದ್ದೇ. ಹೊಲದಲ್ಲಿ ಬಿದ್ದಿದ್ದ ಕಟ್ಟಿಗೆಗೆ ಎರೆ ಮಣ್ಣು ಹತ್ತಿರುತ್ತದೆ, ಬೇರಿನ ಕಡೆಗಂತೂ ಗಂಟುಗಂಟಾಗಿ. ನಮ್ಮ ಎರೆಯಲ್ಲಿ ಸುಣ್ಣದ ಹರಳಿದೆ. ಗಿರಣಿಯಲ್ಲಿ ಹಾಕಿದಾಗ ಅದೂ ಪುಡಿಯಾಗಿ ಸೇರಿಕೊಳ್ಳುತ್ತದೆ, ಕಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ. ಆಳಂದದ ಹುಡುಗಿಯೊಬ್ಬಳ ಪುಡಿ ಮೂರು ಸಲ ಸೋತ ಮೇಲೆ ಒಂದು ಚಿಟಿಕೆಯನ್ನು ಗಾಜಿನ ತಟ್ಟೆಯ ಮೇಲೆ ಹಾಕಿ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಬಿಟ್ಟೆವು. ಸುರ್ರೆಂದು ಸಣ್ಣ ನೊರೆ ಎದ್ದಿತು. ಆ ನೊರೆಯೇ ಉತ್ತರ. 1 ಗ್ರಾಂ ಸುಣ್ಣದ ಕಲ್ಲು ಹೆಚ್ಚುಕಡಿಮೆ 1 ಗ್ರಾಂ ಗಂಧಕಾಮ್ಲವನ್ನು ನುಂಗುತ್ತದೆ. ನೂರು ಮಿ.ಲೀ. ಶೇ. 1ರ ಆಮ್ಲದಲ್ಲಿ ಇರುವುದೇ 1 ಗ್ರಾಂ. ಅವಳು ಆಮ್ಲದಲ್ಲಿ ಬೇಯಿಸಿದ್ದೇನೆ ಅಂದುಕೊಂಡದ್ದು ಬಹುಪಾಲು ಬರೀ ನೀರಿನಲ್ಲಿ ಬೆಂದಿತ್ತು. ಕಟ್ಟಿಗೆಯನ್ನು ಬೇರಿನಿಂದ ಒಂದು ಗೇಣು ಮೇಲೆ ಕಡಿದು, ತೊಳೆದು, ಒಣಗಿಸಿ, ಆಮೇಲೆ ಗಿರಣಿಗೆ ಹಾಕಿದಳು. ನಾಲ್ಕನೇ ಸಲ ಪ್ರನಾಳ ಕೆಂಪಾಯಿತು.

ನೀರಿನದೂ ಅದೇ ಕತೆ. ಶಹಾಬಾದಿ ಸುಣ್ಣದ ಕಲ್ಲಿನ ನಾಡು ಇದು, ಬೋರಿನ ನೀರು ಗಡಸು. ಆ ನೀರಿನಲ್ಲೇ ತೊಳೆದು, ಅದರಲ್ಲೇ ಬಫರ್ ಮಾಡಿದರೆ ಪಿಎಚ್ ಮೇಲೇಳುತ್ತದೆ. ಸಾಲದೆಂಬಂತೆ ಬಿಸಿ ಮಾಡಿದಾಗ ಕ್ಯಾಲ್ಸಿಯಂ ಸಿಟ್ರೇಟ್ ಬಿಳಿಯಾಗಿ ಒಡೆದು ನಿಲ್ಲಬಹುದು, ಏಕೆಂದರೆ ಅದು ತಣ್ಣೀರಿಗಿಂತ ಬಿಸಿನೀರಿನಲ್ಲಿ ಕಡಿಮೆ ಕರಗುವ ಲವಣ. ಮೊದಲ ತೊಳೆತಗಳು ಬೋರಿನ ನೀರಿನಲ್ಲಿ ಆಗಲಿ, ಕೊನೆಯ ಎರಡು ಮತ್ತು ಬಫರ್ ಡಿಸ್ಟಿಲ್ಡ್ ನೀರಿನಲ್ಲೇ ಆಗಬೇಕು.

ಪಿಎಚ್ ಸರಿ ಇದೆಯೇ? ಹಾಗಿದ್ದರೆ ಥರ್ಮಾಮೀಟರನ್ನು ಫ್ಲಾಸ್ಕಿನೊಳಗೇ ಇಳಿಸಿ. ಫ್ಲಾಸ್ಕನ್ನು ಬಿಸಿಯಲ್ಲಿಟ್ಟು ಅಲುಗಿಸುವ ಶೇಕರಿನ ಮುಖದ ಮೇಲೆ 50 ಎಂದು ತೋರಿಸುತ್ತಿರುವಾಗ ಒಳಗೆ 43 ಇದ್ದದ್ದನ್ನು ನೋಡಿದ್ದೇನೆ, ಹೀಟರಿನ ಪಕ್ಕದ ಫ್ಲಾಸ್ಕಿನಲ್ಲಿ 58 ಇದ್ದದ್ದನ್ನೂ ನೋಡಿದ್ದೇನೆ. ತಂಪಾದರೆ ಕಿಣ್ವ ನಿಧಾನವಾಗುತ್ತದೆ, ಅಷ್ಟೇ. ರಾತ್ರಿ ಕರೆಂಟು ಹೋಗಿ ಮೂವತ್ತಕ್ಕೆ ಇಳಿದರೆ ಕಿಣ್ವದ ಮಟ್ಟಿಗೆ ನಷ್ಟವಾಗುವುದು ಸಮಯ ಮಾತ್ರ. 60 ದಾಟಿದರೆ ಅದು ಕೆಡಲು ತೊಡಗುತ್ತದೆ, ಮತ್ತೆ ತಂಪು ಮಾಡಿದರೂ ಹೋದದ್ದು ಬರುವುದಿಲ್ಲ. ಹಾಗಾಗಿ ಕರೆಂಟು ಹೋದದ್ದಕ್ಕಿಂತ, ಬಂದ ಮೇಲೆ ಹಳೆಯ ಹೀಟರು ಎಷ್ಟಕ್ಕೆ ಹಾರಿತು ಎನ್ನುವುದನ್ನು ನೋಡಬೇಕು.

ಇಷ್ಟಾದರೂ ಆಗಲಿಲ್ಲವೆಂದರೆ ಕೇಳಿ: ಬೇಯಿಸಿ ತೊಳೆದ ನಾರನ್ನು ಒಣಗಿಸಿದಿರಾ? ಈ ತಪ್ಪನ್ನು ನಾನೂ ಮಾಡಿದ್ದೇನೆ. ಏಪ್ರಿಲ್‌ನಲ್ಲಿ ಮಾಳಿಗೆಯ ಮೇಲೆ ಹರಡಿದರೆ ಎರಡು ತಾಸಿನಲ್ಲಿ ಗರಿಗರಿಯಾಗುತ್ತದೆ, ತೂಕ ಮಾಡಲು, ಡಬ್ಬಿಯಲ್ಲಿಡಲು ಸುಲಭ. ಆದರೆ ಬೇಯಿಸುವಾಗ, ಅಂದರೆ ಪೂರ್ವಸಂಸ್ಕರಣೆಯಲ್ಲಿ, ಕಷ್ಟಪಟ್ಟು ತೆರೆದ ಸೂಕ್ಷ್ಮ ರಂಧ್ರಗಳು ನೀರು ಆರಿದಂತೆ ಒಂದಕ್ಕೊಂದು ಅಂಟಿ ಮುಚ್ಚಿಹೋಗುತ್ತವೆ. ಮತ್ತೆ ನೆನೆಸಿದರೂ ಎಲ್ಲವೂ ತೆರೆಯುವುದಿಲ್ಲ. ಹೊಲದಿಂದ ಬಂದ ಹಸಿ ಕಟ್ಟಿಗೆಯನ್ನು ಎಷ್ಟು ಬೇಕಾದರೂ ಒಣಗಿಸಿ, ಬೇಯಿಸಿದ ನಾರನ್ನು ಒದ್ದೆಯಾಗಿಯೇ ಫ್ರಿಜ್‌ನಲ್ಲಿಡಿ. ತೇವಾಂಶ ತಿಳಿಯಲು ಒಂದೆರಡು ಗ್ರಾಂ ಮಾತ್ರ ತೆಗೆದು 105 ಡಿಗ್ರಿ ಓವನ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ, ಆ ಚೂರನ್ನು ಎಸೆದುಬಿಡಿ.

ಇದೆಲ್ಲ ಸರಿಯಿದ್ದೂ ಕರಗದಿದ್ದರೆ ಪೂರ್ವಸಂಸ್ಕರಣೆ ಸಾಲದು ಎಂದೇ ಅರ್ಥ. ತೊಗರಿ ಕಟ್ಟಿಗೆ ಹೆಸರಿಗೆ ತಕ್ಕಂತೆ ಕಟ್ಟಿಗೆಯೇ. ನಾರನ್ನು ಅಂಟಿನಂತೆ ಬಿಗಿದಿಡುವ ಅದರ ಲಿಗ್ನಿನ್ ಕಣಕಿಯಷ್ಟು ಬೇಗ ಬಿಡುವುದಿಲ್ಲ. ಕಣಕಿಗೆ ಹಿಡಿಸಿದ ಕ್ರಮವನ್ನೇ ಇದಕ್ಕೂ ಹಾಕಬೇಡಿ. ಪುಡಿಯನ್ನು ಇನ್ನೂ ಸಣ್ಣಗೆ ಮಾಡಿ, ಶೇ. 1ರಿಂದ 2ರ ಕಾಸ್ಟಿಕ್ ಸೋಡಾದಲ್ಲಿ 121 ಡಿಗ್ರಿ ಆಟೋಕ್ಲೇವ್‌ನಲ್ಲಿ ಬೇಯಿಸುವ ಸಮಯ ಹೆಚ್ಚಿಸಿ ನೋಡಿ. ಬಸಿದ ನೀರು ಕಡು ಕಂದಾಗಿದ್ದರೆ ಲಿಗ್ನಿನ್ ಹೊರಗೆ ಬರುತ್ತಿದೆ. ತಿಳಿ ಚಹಾದಂತಿದ್ದರೆ ಇನ್ನೂ ಒಳಗೇ ಇದೆ.

ಬೇಯಿಸುವ ಮುಂಚೆ ಒಂದು ಮಾತು, ದಯವಿಟ್ಟು ಓದಿ

ಮನೆಯ ಅಲ್ಯೂಮಿನಿಯಂ ಕುಕ್ಕರಿನಲ್ಲಿ ಕಾಸ್ಟಿಕ್ ಸೋಡಾ ಬೇಯಿಸಬೇಡಿ. ಆಟೋಕ್ಲೇವ್ ಖಾಲಿ ಇಲ್ಲವೆಂದು ಒಬ್ಬ ಹುಡುಗ ಹಾಸ್ಟೆಲಿನಲ್ಲಿ ಇದಕ್ಕೆ ಕೈಹಾಕಿದ್ದ, ಸಕಾಲಕ್ಕೆ ಗೊತ್ತಾಗಿ ನಿಲ್ಲಿಸಿದೆವು. ಕ್ಷಾರ ಅಲ್ಯೂಮಿನಿಯಂ ಅನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಮುಚ್ಚಿದ ಪಾತ್ರೆ, ಒತ್ತಡ, ಕೆಳಗೆ ಗ್ಯಾಸಿನ ಉರಿ. ಮುಂದೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಗಾಜಿನ ಬಾಟಲಿ, ಸಡಿಲ ಮುಚ್ಚಳ, ಪ್ರಯೋಗಾಲಯದ ಆಟೋಕ್ಲೇವ್, ಇದು ಬಿಟ್ಟು ಬೇರೆ ದಾರಿ ಬೇಡ. ಗಂಧಕಾಮ್ಲವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು, ಆಮ್ಲಕ್ಕೆ ನೀರು ಸುರಿಯಬಾರದು. ಕನ್ನಡಕ, ಕೈಗವಸು ಇರಲೇಬೇಕು. ಕಣ್ಣಿಗೆ ಕ್ಷಾರ ಸಿಡಿದರೆ ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹರಿಯುವ ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಿ, ಪ್ರಯೋಗ ಕಾಯಲಿ.

ಪುಡಿರೂಪದ ಕಿಣ್ವವೂ ನಿರಪಾಯಕಾರಿಯಲ್ಲ. ಅದರ ಧೂಳು ಉಸಿರಿನಲ್ಲಿ ಹೋದರೆ ಅಲರ್ಜಿ, ಉಬ್ಬಸ ತರಬಲ್ಲದು. ಫ್ಯಾನ್ ಆರಿಸಿ, ಮಾಸ್ಕ್ ಹಾಕಿಕೊಂಡು ತೂಗಿ. ಮೊದಲೇ ಉಬ್ಬಸ ಇದ್ದವರು ಆ ಕೆಲಸಕ್ಕೆ ಹೋಗಬೇಡಿ, ಜೊತೆಯವರಿಗೆ ಬಿಡಿ.

"ಮೊದಲ ದಿನ ಛಲೋ ಬಂತ್ರಿ, ಆಮ್ಯಾಲ ನಿಂತೇಬಿಡ್ತು"

ಆರು ತಾಸಿನವರೆಗೆ ಏರುತ್ತಿದ್ದ ಸಕ್ಕರೆ ಹನ್ನೆರಡಕ್ಕೆ ಸಪಾಟಾಗುತ್ತದೆ, ಅಂದುಕೊಂಡ ಇಳುವರಿಯ ಅರ್ಧವೂ ಆಗಿರುವುದಿಲ್ಲ. ಇದು ದೋಷವೋ ಸಹಜವೋ ತಿಳಿಯಲು ಮೊದಲು ಲೆಕ್ಕ ಹಾಕಿ. 5 ಗ್ರಾಂ ಒಣ ನಾರು, ಅದರಲ್ಲಿ ಅರ್ಧ ಸೆಲ್ಯುಲೋಸ್ ಎಂದುಕೊಳ್ಳಿ. ಎರಡೂವರೆ ಗ್ರಾಂ. ಒಡೆಯುವಾಗ ನೀರು ಸೇರುವುದರಿಂದ ತೂಕ 1.11 ಪಟ್ಟು ಆಗುತ್ತದೆ, ಅಂದರೆ ಸಿಗಬಹುದಾದ ಪೂರ್ತಿ ಗ್ಲೂಕೋಸ್ ಸುಮಾರು 2.78 ಗ್ರಾಂ. ಇನ್ನು ಒದ್ದೆ ನಾರನ್ನೇ ಒಣದೆಂದು ಲೆಕ್ಕಕ್ಕೆ ಹಿಡಿದಿದ್ದರೆ? ನೂರಕ್ಕೆ 75 ಪಾಲು ನೀರಿರುವ 20 ಗ್ರಾಂ ನಾರಿನಲ್ಲಿ ಒಣ ತೂಕ 5 ಗ್ರಾಂ ಮಾತ್ರ. 20 ಎಂದು ಬರೆದುಕೊಂಡವರಿಗೆ ಇಳುವರಿ ಕಾಲು ಭಾಗವಾಗಿ ಕಾಣುತ್ತದೆ, ಫ್ಲಾಸ್ಕಿನಲ್ಲಿ ಮಾತ್ರ ಎಲ್ಲ ಸರಿಯಾಗಿಯೇ ಇರುತ್ತದೆ. ಕಿಣ್ವದ ಪ್ರಮಾಣವನ್ನೂ ಇದೇ ಲೆಕ್ಕದಲ್ಲಿ ನೋಡಿ. ಪ್ರತಿ ಗ್ರಾಂ ಸೆಲ್ಯುಲೋಸ್‌ಗೆ 15ರಿಂದ 20 ಯೂನಿಟ್ ಸಾಮಾನ್ಯ. ಎರಡೂವರೆ ಗ್ರಾಮಿಗೆ 50 ಯೂನಿಟ್ ಹಾಕಿದರೆ, ಮೇಲಿನ 37ರ ಬಾಟಲಿಯಿಂದ 1.35 ಮಿ.ಲೀ. ಬೇಕಾಗುತ್ತದೆ.

ಲೆಕ್ಕ ಸರಿಯಿದ್ದೂ ನಿಂತಿದ್ದರೆ ಮೂರು ಫ್ಲಾಸ್ಕಿನ ಪರೀಕ್ಷೆ ಮಾಡಿ. ನನಗೆ ಇದರ ಮೇಲೆ ಬಹಳ ವಿಶ್ವಾಸ. ನಿಂತುಹೋದ ದ್ರವವನ್ನು ಪುಡಿಯ ಸಮೇತ ಚೆನ್ನಾಗಿ ಕಲಕಿ ನಾಲ್ಕು ಪಾಲು ಮಾಡಿ. ಒಂದನ್ನು ಹೋಲಿಕೆಗೆ ಹಾಗೇ ಬಿಡಿ, ಪರೀಕ್ಷೆ ಉಳಿದ ಮೂರರಲ್ಲಿ. ಎರಡನೆಯದಕ್ಕೆ ಹೊಸ ಕಿಣ್ವ, ಮೂರನೆಯದಕ್ಕೆ ಹೊಸ ನಾರು, ನಾಲ್ಕನೆಯದಕ್ಕೆ ಅಷ್ಟೇ ಪ್ರಮಾಣದ ಬಫರ್ ಸೇರಿಸಿ. ಮತ್ತೆ ಆರು ತಾಸು ಬಿಟ್ಟು ಅಳೆಯಿರಿ. ನಾಲ್ಕನೆಯದರಲ್ಲಿ ತೆಳುವಾದ ಲೆಕ್ಕ ಕಳೆದು ಒಟ್ಟು ಸಕ್ಕರೆ ನೋಡಬೇಕು.

ತೆಳು ಮಾಡಿದ್ದು ಮುಂದೆ ಸಾಗಿದರೆ, ಹುಟ್ಟಿದ ಸಕ್ಕರೆಯೇ ಕಿಣ್ವದ ಕೈ ಕಟ್ಟಿತ್ತು ಎಂದರ್ಥ. ಹೊಸ ಕಿಣ್ವ ಹಾಕಿದ್ದು ಓಡಿದರೆ, ಹಳೆಯದು ಶಾಖಕ್ಕೆ ಕೆಟ್ಟಿದೆ, ಇಲ್ಲವೇ ಲಿಗ್ನಿನ್‌ಗೆ ಅಂಟಿ ಸಿಕ್ಕಿಕೊಂಡಿದೆ. ಹೊಸ ನಾರು ಹಾಕಿದ್ದು ಮಾತ್ರ ಓಡಿದರೆ, ಕಿಣ್ವವೂ ಸರಿ, ದ್ರವವೂ ಸರಿ. ಉಳಿದ ನಾರೇ ಒಡೆಯಲಾರದ್ದು, ಮರಳಿ ಪೂರ್ವಸಂಸ್ಕರಣೆಗೆ ಹೋಗಬೇಕು. ಯಾವುದೂ ಅಲುಗದಿದ್ದರೆ ಪಿಎಚ್ ಮತ್ತೆ ಅಳೆಯಿರಿ, ಅದು ಎಲ್ಲೋ ಜಾರಿದೆ.

ಸಕ್ಕರೆ ಕೈ ಕಟ್ಟುವುದರ ಹಿಂದೆ ಒಂದು ಹಳೆಯ ಕತೆಯಿದೆ. ಈ ಕೆಲಸಕ್ಕೆ ಮಾರುಕಟ್ಟೆಯಲ್ಲಿ ಸಿಗುವ ಸೆಲ್ಯುಲೇಸ್‌ನ ಬಹುಪಾಲು ಟ್ರೈಕೋಡರ್ಮಾ ರೀಸೈ ಎಂಬ ಬೂಷ್ಟಿನದು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೊಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೇನೆಯ ಹತ್ತಿ ಡೇರೆಗಳನ್ನು ತಿಂದುಹಾಕಿದ ಬೂಷ್ಟು ಅದು. ಅದನ್ನು ಅಧ್ಯಯನ ಮಾಡಿದ ಎಲ್ವಿನ್ ರೀಸ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಸೆಲ್ಯುಲೋಸ್ ಸರಪಳಿಯನ್ನು ನಡುವೆ ಕತ್ತರಿಸುವ, ತುದಿಯಿಂದ ಎರಡೆರಡು ಕೊಂಡಿಯಾಗಿ ಬಿಚ್ಚುವ ಕಿಣ್ವಗಳಲ್ಲಿ ಅದು ಗಟ್ಟಿ. ಆ ಜೋಡಿ ಕೊಂಡಿಯನ್ನು, ಅಂದರೆ ಸೆಲ್ಲೊಬಯೋಸನ್ನು, ಎರಡು ಗ್ಲೂಕೋಸ್ ಮಾಡುವ ಬೀಟಾ ಗ್ಲೂಕೋಸಿಡೇಸ್ ಅದರಲ್ಲಿ ಕಡಿಮೆ. ಜೋಡಿಗಳು ರಾಶಿ ಬಿದ್ದಂತೆ ಬಿಚ್ಚುವ ಕಿಣ್ವವೇ ನಿಲ್ಲುತ್ತದೆ.

ಇದನ್ನು ಕಂಡುಹಿಡಿಯಲು ದುಬಾರಿ ಯಂತ್ರ ಬೇಡ. ರಕ್ತ ತಪಾಸಣೆಯ ಲ್ಯಾಬ್‌ಗಳಿಗೆ ಸಾಮಾನು ಕೊಡುವ ಅಂಗಡಿಯಲ್ಲಿ ಜಿಓಡಿ-ಪಿಓಡಿ ಕಿಟ್ ಸಿಗುತ್ತದೆ, ಅದು ಗ್ಲೂಕೋಸನ್ನು ಮಾತ್ರ ಹಿಡಿಯುತ್ತದೆ. ಡಿಎನ್‌ಎಸ್ ಎಲ್ಲ ಅಪಕರ್ಷಕ ಸಕ್ಕರೆಗಳನ್ನೂ ಹಿಡಿಯುತ್ತದೆ. ಒಂದೇ ಮಾದರಿಗೆ ಎರಡನ್ನೂ ಮಾಡಿ. ಡಿಎನ್‌ಎಸ್ ಹೆಚ್ಚು, ಕಿಟ್ ಬಹಳ ಕಡಿಮೆ ತೋರಿಸಿದರೆ ನಡುವಿನ ಅಂತರ ಸೆಲ್ಲೊಬಯೋಸ್ ಮತ್ತು ನಾರಿನ ಇನ್ನೊಂದು ಸಕ್ಕರೆಯಾದ ಕ್ಸೈಲೋಸ್‌ನದು. ಬೇರೆ ಬೀಟಾ ಗ್ಲೂಕೋಸಿಡೇಸ್ ಸ್ವಲ್ಪ ಸೇರಿಸಿದಾಗ ಅಂತರ ಕುಗ್ಗಿದರೆ ಅನುಮಾನ ಖಚಿತ. ಮನೆಯ ಗ್ಲೂಕೋಮೀಟರ್ ಪಟ್ಟಿ ಈ ಕೆಲಸಕ್ಕೆ ಬೇಡ. ಅದು ರಕ್ತಕ್ಕಾಗಿ ಮಾಡಿದ್ದು, ಹುಳಿ ಬಫರಿನಲ್ಲಿ ಅದರ ಸಂಖ್ಯೆಯನ್ನು ನಂಬಿ ವರದಿ ಬರೆಯುವಂತಿಲ್ಲ.

ಲಿಗ್ನಿನ್‌ಗೆ ಅಂಟುವ ತೊಂದರೆಗೆ ಟ್ವೀನ್ 20 ಅಥವಾ 80 ಎಂಬ ಸೋಪಿನಂಥ ದ್ರವವನ್ನು ಸ್ವಲ್ಪ ಮೊದಲೇ ಹಾಕಿ ನೋಡಬಹುದು. ಅದು ಲಿಗ್ನಿನ್ ಮೇಲೆ ಕೂತರೆ ಕಿಣ್ವಕ್ಕೆ ಅಲ್ಲಿ ಜಾಗ ಸಿಗುವುದಿಲ್ಲ. ತೊಗರಿ ಕಟ್ಟಿಗೆಯಂಥ ನಾರಿಗೆ ಈ ಸಣ್ಣ ಖರ್ಚು ಮಾಡಿ ನೋಡುವಂಥದ್ದೇ.

"ನಿನ್ನೆ ಇದ್ದ ಸಕ್ರಿ ಇವತ್ತ ಇಲ್ರಿ"

ಏರಿದ ಸಕ್ಕರೆ ಇಳಿದರೆ ಯಾರೋ ತಿನ್ನುತ್ತಿದ್ದಾರೆ. ಹುಳಿ ವಾಸನೆ, ಅಂಚಿನಲ್ಲಿ ಗುಳ್ಳೆ, ಮೇಲೆ ಬಿಳಿ ಪೊರೆ, ಪಿಎಚ್ 4ರ ಕಡೆಗೆ ಜಾರುವುದು, ಇವೆಲ್ಲ ಸೂಕ್ಷ್ಮಜೀವಿ ಸೇರಿದ್ದರ ಗುರುತು. ನಮ್ಮ ಸೆಕೆಗಾಲದಲ್ಲಿ, ಶೇಕರ್ ನಿಂತು ಫ್ಲಾಸ್ಕ್ 38 ಡಿಗ್ರಿಗೆ ಇಳಿದ ರಾತ್ರಿಯೇ ಅವಕ್ಕೆ ಹಬ್ಬ. ರುಚಿ ನೋಡಬೇಡಿ, ಮೂಗು ಹತ್ತಿರ ಒಯ್ದು ಎಳೆದುಕೊಳ್ಳಬೇಡಿ. ಮುಚ್ಚಳ ಬಿಗಿದ ಬಾಟಲಿಯಲ್ಲಿ ಗುಳ್ಳೆ ಕಂಡರೆ ಒಳಗೆ ಒತ್ತಡ ಇರುತ್ತದೆ, ಮುಖ ದೂರವಿಟ್ಟು ನಿಧಾನ ಸಡಿಲಿಸಿ. ಹಸಿರು ಬೂಷ್ಟು ಎದ್ದಿದ್ದರೆ ತೆರೆಯಲೇಬೇಡಿ, ಹಾಗೆಯೇ ಆಟೋಕ್ಲೇವ್‌ಗೆ ಹಾಕಿ. ಆ ಫ್ಲಾಸ್ಕಿನ ಅಂಕಿಗಳನ್ನು ಲೆಕ್ಕದಿಂದ ತೆಗೆಯಿರಿ. ಉಳಿಸಿಕೊಳ್ಳಲು ಏನೂ ಇಲ್ಲ.

ತಡೆಯಲು ಅನೇಕ ವಿಧಾನಗಳಲ್ಲಿ ಸೋಡಿಯಂ ಅಜೈಡ್ ಶೇ. 0.02 ಹಾಕಿ ಎಂದಿರುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಘೋರ ವಿಷ. ಆಮ್ಲದೊಡನೆ ಸೇರಿದರೆ ಹೈಡ್ರಜೋಯಿಕ್ ಆಮ್ಲ ಎಂಬ ವಿಷಾನಿಲ ಹುಟ್ಟುತ್ತದೆ, ನಮ್ಮ 4.8ರ ಬಫರ್ ಅದಕ್ಕೆ ಸಾಕಷ್ಟು ಹುಳಿಯೇ. ಸಿಂಕಿಗೆ ಸುರಿದರೆ ತಾಮ್ರ, ಸೀಸದ ಕೊಳವೆಗಳಲ್ಲಿ ಸ್ಫೋಟಕ ಲವಣ ಕಟ್ಟಬಹುದು. ಮುಂದೆ ಈಸ್ಟ್ ಹಾಕುವವರಿಗೆ ಈಸ್ಟನ್ನೂ ಅದು ಬಿಡುವುದಿಲ್ಲ. ಬದಲಿಗೆ ನಾರು ಮತ್ತು ಬಫರನ್ನು ಒಟ್ಟಿಗೆ ಆಟೋಕ್ಲೇವ್ ಮಾಡಿ, ತಣಿದ ಮೇಲೆ ಕಿಣ್ವವನ್ನು 0.2 ಮೈಕ್ರಾನ್ ಸೋಸುಕದಿಂದ ಹಾಯಿಸಿ ಹಾಕಿ. ಕಿಣ್ವವನ್ನು ಮಾತ್ರ ಆಟೋಕ್ಲೇವ್‌ಗೆ ಹಾಕಬಾರದು. ಹೇಳಬೇಕಿಲ್ಲದ ಮಾತಾದರೂ ಪ್ರತಿ ತಂಡದಲ್ಲಿ ಒಬ್ಬರಾದರೂ ಹಾಕುತ್ತಾರೆ.

"ಹಿಟ್ಟ ನಾದಿದಂಗ ಆಗ್ಯದ, ತಿರಗವಲ್ದು"

ಕಣಕಿ ಪುಡಿ ಹಾಕಿದವರ ದೂರು ಇದು. ರೊಟ್ಟಿಯ ಹಿಟ್ಟಿಗೆ ಎಸರು ಸಾಲದಾದಾಗ ಹೇಗೆ ಅಲ್ಲಲ್ಲಿ ಒಣಹಿಟ್ಟು ಉಳಿಯುತ್ತದೋ ಹಾಗೆ ನಾರು ನೀರನ್ನೆಲ್ಲ ಹೀರಿ, ಕಿಣ್ವ ಓಡಾಡಲು ನೀರೇ ಉಳಿಯುವುದಿಲ್ಲ. ನೂರು ಮಿ.ಲೀ.ಗೆ 5 ಗ್ರಾಂನಿಂದ ಶುರು ಮಾಡಿ. ಹೆಚ್ಚು ಬೇಕೆಂದರೆ ಮೊದಲ ಕಂತು ತೆಳುವಾಗುವವರೆಗೆ ಕಾದು ಮುಂದಿನದನ್ನು ಹಾಕಿ. ಕಿಣ್ವ ಕೆಲಸ ಮಾಡುತ್ತಿದ್ದರೆ ಕೆಲವು ತಾಸಿನಲ್ಲೇ ಗಂಜಿ ಅಂಬಲಿಯಾಗುತ್ತದೆ. ಶೇಕರಿನ ವೇಗ ವಿಪರೀತ ಏರಿಸಿ ಪ್ರಯೋಜನವಿಲ್ಲ, ನಾರು ಗಾಜಿನ ಗೋಡೆಗೆ ಹತ್ತಿ ಅಲ್ಲೇ ಒಣಗುತ್ತದೆ.

"ನೂರಕ್ಕ ನೂರಾ ಇಪ್ಪತ್ತ ಬಂದದರಿ"

ಕಡಿಮೆ ಬಂದಾಗ ಎಲ್ಲರೂ ಕೇಳುತ್ತಾರೆ, ಹೆಚ್ಚು ಬಂದಾಗ ಸಂತೋಷದಿಂದ ವರದಿಗೆ ಸೇರಿಸಿಬಿಡುತ್ತಾರೆ. ಹೆಚ್ಚು ಬಂದದ್ದೂ ದೋಷವೇ. ಕಿಣ್ವದ ಬಾಟಲಿಯಲ್ಲೇ ಸಕ್ಕರೆ ಇರುತ್ತದೆ, ಕಿಣ್ವ ಮಾತ್ರ ಇರುವ ಬ್ಲ್ಯಾಂಕನ್ನು ಕಳೆಯದಿದ್ದರೆ ಅದೂ ನಿಮ್ಮ ಇಳುವರಿಯಾಗುತ್ತದೆ. ಸೊನ್ನೆ ಗಂಟೆಯ ಮಾದರಿಯಲ್ಲೇ ಬಣ್ಣ ಬಂದರೆ ಕಾರಣ ಇದು. ಎರಡನೆಯದು ಆವಿ. 50 ಡಿಗ್ರಿಯಲ್ಲಿ, ನಮ್ಮ ಒಣ ಗಾಳಿಯಲ್ಲಿ, ಹತ್ತಿಯ ಬಿರಡೆಯ ಫ್ಲಾಸ್ಕ್ ಮೂರು ದಿನದಲ್ಲಿ ಗಣನೀಯವಾಗಿ ಆರುತ್ತದೆ, ಸಕ್ಕರೆ ಹುಟ್ಟದೆಯೇ ಸಾಂದ್ರತೆ ಏರುತ್ತದೆ. ಮೊದಲ ದಿನ ಫ್ಲಾಸ್ಕನ್ನು ತೂಗಿ, ಮಾದರಿ ತೆಗೆಯುವ ಮೊದಲು ಮತ್ತೆ ತೂಗಿ, ಕಡಿಮೆಯಾದಷ್ಟು ಡಿಸ್ಟಿಲ್ಡ್ ನೀರು ಸೇರಿಸಿ.

ಮೂರನೆಯದು ಬಣ್ಣ. ಕ್ಷಾರದಲ್ಲಿ ಬೆಂದ ತೊಗರಿಯ ಕಂದು ನೀರು 540 ನ್ಯಾನೋಮೀಟರಿನಲ್ಲಿ ತಾನೇ ಬೆಳಕು ಹೀರುತ್ತದೆ. ಕಿಣ್ವವಿಲ್ಲದ ನಾರಿನ ಬ್ಲ್ಯಾಂಕ್ ಇಟ್ಟರೆ ಎಷ್ಟು ಎಂದು ತಿಳಿಯುತ್ತದೆ. ಇದಕ್ಕೆ ವಿರುದ್ಧವಾದದ್ದೂ ಉಂಟು: ಆಮ್ಲದಲ್ಲಿ ಬೇಯಿಸಿ ಬಸಿದ ನೀರನ್ನು ಹಾಗೇ ಹಾಕಿದರೆ ಆಮ್ಲವು ಡಿಎನ್‌ಎಸ್‌ನ ಕ್ಷಾರವನ್ನು ಕೊಂದು, ಸಕ್ಕರೆ ಇದ್ದರೂ ಬಣ್ಣ ಬರುವುದಿಲ್ಲ. ತಟಸ್ಥ ಮಾಡಿಯೇ ಹಾಕಿ. ಗ್ಲೂಕೋಸ್ ಸ್ಟ್ಯಾಂಡರ್ಡನ್ನೂ ಅದೇ ಸಿಟ್ರೇಟ್ ಬಫರಿನಲ್ಲಿ ಮಾಡಿರಬೇಕು, ಬರೀ ನೀರಿನಲ್ಲಲ್ಲ.

"ಸಕ್ರಿ ಅದ, ಈಸ್ಟ್ ಮಾತ್ರ ಏಳವಲ್ದು"

ಆಮ್ಲದಲ್ಲಿ ಹೆಚ್ಚು ಕಾಯಿಸಿದಾಗ ಸಕ್ಕರೆಯ ಒಂದು ಪಾಲು ಸುಟ್ಟು ಫರ್ಫ್ಯೂರಲ್ ಆಗುತ್ತದೆ, ಅದು ಈಸ್ಟನ್ನು ತಡೆಯುತ್ತದೆ. ನಾರನ್ನು ಚೆನ್ನಾಗಿ ತೊಳೆದ ಮೇಲೆ ಕಿಣ್ವ ಹಾಕಿದ್ದರೆ ಈ ತೊಂದರೆ ಕಡಿಮೆ. ಇನ್ನು ಡಿಎನ್‌ಎಸ್ ತೋರಿಸುತ್ತಿರುವುದು ಕ್ಸೈಲೋಸ್ ಆಗಿದ್ದರೆ, ಬ್ರೆಡ್ಡಿನ ಈಸ್ಟು ಅದನ್ನು ಹುದುಗಿಸುವುದೇ ಇಲ್ಲ. ಮತ್ತೆ ಕಿಟ್‌ನಿಂದ ಗ್ಲೂಕೋಸ್ ಎಷ್ಟೆಂದು ನೋಡಿಕೊಳ್ಳಿ.

ಎಲ್ಲಿಗೆ ನಿಲ್ಲಿಸಿ ಯಾರನ್ನು ಕೇಳಬೇಕು

ಕಾಗದದ ಪರೀಕ್ಷೆ ಗೆದ್ದಿದೆ, ಪಿಎಚ್, ಶಾಖ, ತೇವಾಂಶ ಸರಿಯಿದೆ, ಮೂರು ಫ್ಲಾಸ್ಕಿನ ಪರೀಕ್ಷೆ ನಾರಿನ ಕಡೆಗೇ ಬೆರಳು ತೋರಿಸುತ್ತಿದೆ, ಪೂರ್ವಸಂಸ್ಕರಣೆಯನ್ನು ಎರಡು ಸಲ ಬದಲಿಸಿಯೂ ನೋಡಿದ್ದೀರಿ ಎಂದರೆ ಇನ್ನು ಊಹೆಯ ಮೇಲೆ ಕಿಣ್ವ ಖರ್ಚು ಮಾಡಬೇಡಿ. ಆ ನಾರಿನಲ್ಲಿ ಸೆಲ್ಯುಲೋಸ್ ಎಷ್ಟು, ಲಿಗ್ನಿನ್ ಎಷ್ಟು ಎಂದು ಅಳೆಯಿಸಬೇಕು. ಶೇ. 72ರ ಗಂಧಕಾಮ್ಲದಲ್ಲಿ 30 ಡಿಗ್ರಿಯಲ್ಲಿ ಒಂದು ಗಂಟೆ, ಆಮೇಲೆ ಶೇ. 4ಕ್ಕೆ ಇಳಿಸಿ 121 ಡಿಗ್ರಿಯಲ್ಲಿ ಒಂದು ಗಂಟೆ, ನಂತರ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಒಂದೊಂದು ಸಕ್ಕರೆಯನ್ನೂ ಬೇರೆ ಬೇರೆ ಓದುವ ಕೆಲಸ ಅದು. ಅಷ್ಟು ಗಾಢ ಆಮ್ಲವನ್ನು ಅನುಭವವಿಲ್ಲದೆ ಮುಟ್ಟಬೇಡಿ. ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಮೂರೂ ನಮ್ಮ ಕೈಗೆಟುಕುವ ದೂರದಲ್ಲಿವೆ. ನಿಮ್ಮ ಮಾರ್ಗದರ್ಶಕರಿಂದ ಪತ್ರ ಬರೆಸಿ, ಸೌಲಭ್ಯ ಇದೆಯೇ ಎಂದು ಮೊದಲೇ ಕೇಳಿ.

ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಒದ್ದೆ ನಾರು 20 ಗ್ರಾಂ ಐಸ್ ಡಬ್ಬಿಯಲ್ಲಿ, ಬೇಯಿಸದ ಮೂಲ ಪುಡಿ ಒಂದು ಪೊಟ್ಟಣದಲ್ಲಿ, ನೀವು ತೊಳೆಯಲು ಬಳಸಿದ ನೀರು ಒಂದು ಬಾಟಲಿಯಲ್ಲಿ, ಮತ್ತು ಯಾವ ಊರಿನ ಯಾವ ಹೊಲದ ಕಟ್ಟಿಗೆ, ಎಂದು ಕಡಿದದ್ದು, ಎಷ್ಟು ಹೊತ್ತು ಬೇಯಿಸಿದ್ದು ಎಂದು ಬರೆದ ನೋಟ್‌ಬುಕ್. ನಾರಿನ ಡಬ್ಬಿಯ ಮೇಲೆ ತೇವಾಂಶದ ಸಂಖ್ಯೆಯನ್ನು ಬರೆಯಲು ಮರೆಯಬೇಡಿ, ಅಲ್ಲಿ ಮೊದಲು ಕೇಳುವುದು ಅದನ್ನೇ.